ಜರ್ಮನ್ ಮತ್ತು ಸಿಲ್ವರ್: ಒಂದು ಲೋಹಪದದ ಎರಡು ಹೋಳುಗಳು

ಪದಗಳ ಚರಿತ್ರೆಯನ್ನು ಅರಸುವವರು ಸಾಮಾನ್ಯವಾಗಿ ಶಾಸನಗಳತ್ತ, ಕಾವ್ಯಗಳತ್ತ, ನಿಘಂಟುಗಳತ್ತ ನೋಡುತ್ತಾರೆ. ಅಡಿಗೆಮನೆಯ ಅಟ್ಟದತ್ತ ಕಣ್ಣೆತ್ತಿ ನೋಡುವವರು ವಿರಳ. ಆದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ, ಅದರಲ್ಲೂ ಡೊಂಬಿವಲಿ, ಕಲ್ಯಾಣ, ಮುಲುಂಡ, ಮೀರಾರೋಡಿನ ಎರಡು ಕೋಣೆಗಳ ಬಿಡಾರಗಳಲ್ಲಿ, ಭಾಷಾಭ್ಯಾಸಿಗೆ ಒದಗುವ ಸಾಮಗ್ರಿ ಬಹಳಷ್ಟು ಆ ಅಟ್ಟದ ಮೇಲೆಯೇ ಇದೆ. ಅಲ್ಲಿ ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಕಂಚಿನ ತಟ್ಟೆಗಳ ಪಕ್ಕದಲ್ಲಿ, ಅಂಚು ಜಜ್ಜಿಹೋದ, ಬಣ್ಣ ಮಾಸಿದ, ಯಾರೂ ಮಾರಲು ಮನಸ್ಸು ಮಾಡದ, ಮಾರಿದರೂ ಹೆಚ್ಚಿಗೇನೂ ಹುಟ್ಟದ ಒಂದು ಹಗುರವಾದ ಬಿಳಿಯ ಪಾತ್ರೆ ಇರುತ್ತದೆ. ರಸಾಯನಶಾಸ್ತ್ರದ ಪುಸ್ತಕ ಅದನ್ನು ಅಲ್ಯೂಮಿನಿಯಂ ಎನ್ನುತ್ತದೆ. ಮನೆಯವರು ಹಾಗೆನ್ನುವುದಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ಬಂದವರಿಗೆ ಅದು 'ಜರ್ಮನ್'. ಮೈಸೂರು, ಮಂಡ್ಯ, ತುಮಕೂರಿನ ಕಡೆಯಿಂದ ಬಂದವರಿಗೆ ಅದೇ ಪಾತ್ರೆ 'ಸಿಲ್ವರ್', ಹಿರಿಯರ ಬಾಯಲ್ಲಿ 'ಸಿಲವರ್'.

ಒಂದೇ ವಸ್ತುವಿಗೆ ಪ್ರಾದೇಶಿಕವಾಗಿ ಎರಡು ಹೆಸರುಗಳಿರುವುದು ಕನ್ನಡಕ್ಕೆ ಹೊಸದಲ್ಲ. ಆದರೆ ಇಲ್ಲಿ ಒಂದು ವಿಶೇಷವಿದೆ. ಆ ಪಾತ್ರೆ ಜರ್ಮನಿಯದೂ ಅಲ್ಲ, ಬೆಳ್ಳಿಯದೂ ಅಲ್ಲ. ಹಾಗಾದರೆ ಈ ಎರಡು ಹೆಸರುಗಳು ಅದಕ್ಕೆ ಅಂಟಿದ್ದು ಎಲ್ಲಿಂದ? ಇದು ಕೇವಲ ಹಳ್ಳಿಗರ ತಿಳಿಗೇಡಿತನವೆಂದು ತಳ್ಳಿಹಾಕಬಹುದಾದ ಸಂಗತಿಯೇ, ಅಥವಾ ಇದರ ಹಿಂದೆ ಚರಿತ್ರೆಯೊಂದಿದೆಯೇ?

ಮುಂಬಯಿಯಲ್ಲಿ ಈ ಎರಡು ಹೆಸರುಗಳು ಮುಖಾಮುಖಿಯಾಗುವ ಸಂದರ್ಭವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಒಂದೇ ಮಹಡಿಯಲ್ಲಿ ಬದಿಬದಿಗೆ ಇರುವ ಎರಡು ಕನ್ನಡದ ಮನೆಗಳು. ಮೈಸೂರಿನ ಕಡೆಯ ಗೃಹಿಣಿ ನೆರೆಮನೆಯ ಬಾಗಿಲಲ್ಲಿ ನಿಂತು, "ನೆಂಟರು ಬಂದಿದಾರೆ, ಒಂದು ದೊಡ್ಡ ಸಿಲ್ವರ್ ಪಾತ್ರೆ ಇದ್ರೆ ಕೊಡ್ತೀರಾ?" ಎಂದು ಕೇಳುತ್ತಾಳೆ. ವಿಜಾಪುರದ ಹೆಣ್ಣುಮಗಳು ತುಸು ಬೆರಗಾಗಿ, "ಬೆಳ್ಳೀದು ನಮ್ಮಲ್ಲಿ ಎಲ್ಲಿ ಬರಬೇಕ್ರೀ ಅಕ್ಕಾರ? ಜರ್ಮನ್ ಡಬರಿ ಐತಿ, ನಡೀತದೇನ್ರಿ?" ಎನ್ನುತ್ತಾಳೆ. ಈಗ ಬೆರಗಾಗುವ ಸರದಿ ಇನ್ನೊಬ್ಬಳದು. ಡಬರಿ ಹೊರಗೆ ಬಂದಮೇಲೆ ಇಬ್ಬರೂ ನಗುತ್ತಾರೆ. ಪಾತ್ರೆ ಒಂದೇ. ಆದರೆ ಹೆಸರುಗಳೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ನಗುವಿನಾಚೆಗೆ ಒಂದು ಸತ್ಯ ಹೊಳೆಯುತ್ತದೆ: ಒಬ್ಬಳ ಬಾಯಲ್ಲಿರುವುದು 'ಜರ್ಮನ್', ಇನ್ನೊಬ್ಬಳ ಬಾಯಲ್ಲಿರುವುದು 'ಸಿಲ್ವರ್'. ಎರಡನ್ನೂ ಕೂಡಿಸಿದರೆ 'ಜರ್ಮನ್ ಸಿಲ್ವರ್'. ಮುರಿದುಹೋದ ಒಂದು ಸಮಸ್ತಪದದ ಎರಡು ಹೋಳುಗಳು, ಉತ್ತರ ಕರ್ನಾಟಕದಲ್ಲೊಂದು, ದಕ್ಷಿಣದಲ್ಲೊಂದು, ಬೇರೆಬೇರೆಯಾಗಿ ಬದುಕಿ, ಮುಂಬಯಿಯ ಒಂದು ಮಹಡಿಯಲ್ಲಿ ಮತ್ತೆ ಭೇಟಿಯಾಗಿವೆ.

ಜರ್ಮನ್ ಸಿಲ್ವರ್ ಎಂಬುದು ಬೆಳ್ಳಿಯಂತೆ ತೋರುವ ಒಂದು ಮಿಶ್ರಲೋಹ. ಅದರಲ್ಲಿ ಬೆಳ್ಳಿಯ ಅಂಶ ಲವಲೇಶವೂ ಇಲ್ಲ. ತಾಮ್ರ, ನಿಕ್ಕಲ್ ಮತ್ತು ಸತುಗಳನ್ನು ಬೆರೆಸಿ ಅದನ್ನು ತಯಾರಿಸುತ್ತಾರೆ. ನೂರು ಪಾಲಿನಲ್ಲಿ 60 ಪಾಲು ತಾಮ್ರ, 20 ಪಾಲು ನಿಕ್ಕಲ್, 20 ಪಾಲು ಸತು ಎಂಬುದು ಒಂದು ರೂಢಿಯ ಪ್ರಮಾಣ. ತಾಮ್ರದ ಕೆಂಪನ್ನು ಅಳಿಸಿ ಬಿಳುಪನ್ನು ತರುವುದು ನಿಕ್ಕಲ್. ಈ ನಿಕ್ಕಲ್ ಎಂಬ ಪದವೂ ಕುತೂಹಲಕರವಾದದ್ದೇ. ಜರ್ಮನಿಯ ಗಣಿಗಾರರು ತಾಮ್ರದ ಅದಿರಿನಂತೆ ಕಾಣುವ ಒಂದು ಕಲ್ಲಿನಿಂದ ತಾಮ್ರ ತೆಗೆಯಲು ಹೆಣಗಿ, ಅದು ಸಾಧ್ಯವಾಗದೆ, ಅದರೊಳಗೆ ಕೀಟಲೆಯ ಪಿಶಾಚಿಯೊಂದು ಸೇರಿಕೊಂಡಿದೆಯೆಂದು ಬಗೆದು ಅದನ್ನು 'ಕುಪ್ಫರ್‌ನಿಕ್ಕಲ್' ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್ ಆ ಅದಿರಿನಿಂದ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ, ತಾಮ್ರ ಬಿಟ್ಟುಹೋಗಿ ಪಿಶಾಚಿಯ ಹೆಸರು ಮಾತ್ರ ಉಳಿದುಕೊಂಡಿತು.

ಆದರೆ ಈ ಬಿಳಿಯ ಮಿಶ್ರಲೋಹ ಮೂಲತಃ ಜರ್ಮನರ ಸೃಷ್ಟಿಯಲ್ಲ. ಚೀನದ ಯುನ್ನಾನ್ ಪ್ರಾಂತದ ಕುಶಲಕರ್ಮಿಗಳು ಇದನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಅವರು ಇಟ್ಟ ಹೆಸರು 'ಬಿಳಿಯ ತಾಮ್ರ' ಎಂಬ ಅರ್ಥದ್ದು. ಕ್ಯಾಂಟನ್ನಿನ ಉಚ್ಚಾರದಲ್ಲಿ ಅದು 'ಪಾಕ್‌ತುಂಗ್'. ಹದಿನೆಂಟನೆಯ ಶತಮಾನದಲ್ಲಿ ಕ್ಯಾಂಟನ್ ರೇವಿನಿಂದ ಯೂರೋಪಿಗೆ ಹೋದ ಈ ಲೋಹ ಅಲ್ಲಿನ ಸಿರಿವಂತರ ದೀಪಸ್ತಂಭಗಳಾಗಿ, ಅಗ್ಗಿಷ್ಟಿಕೆಯ ಅಲಂಕಾರಗಳಾಗಿ ಮೆರೆಯಿತು. 1776ರಲ್ಲಿ ಎಂಗೆಸ್ಟ್ರೋಮ್ ಎಂಬ ಸ್ವೀಡಿಷ್ ರಸಾಯನಜ್ಞನು ಅದನ್ನು ಪರೀಕ್ಷಿಸಿ ಅದರಲ್ಲಿ ನಿಕ್ಕಲ್ ಇರುವುದನ್ನು ತೋರಿಸಿಕೊಟ್ಟನು. ಗುಟ್ಟು ಬಯಲಾದಮೇಲೆ ಅನುಕರಣೆಗೆ ತಡವಾಗಲಿಲ್ಲ. 1823ರಲ್ಲಿ ಸ್ಯಾಕ್ಸನಿಯ ಗೈಟ್ನರ್ ಎಂಬವನು ಈ ಮಿಶ್ರಲೋಹವನ್ನು ತಯಾರಿಸಿ 'ಅರ್ಗೆಂಟಾನ್' ಎಂದು ಕರೆದನು. ಮರುವರ್ಷ ಬರ್ಲಿನ್ನಿನ ಹೆನ್ನಿಂಗರ್ ಸೋದರರು ಅದನ್ನೇ 'ನಾಯ್‌ಜಿಲ್ಬರ್', ಎಂದರೆ ಹೊಸಬೆಳ್ಳಿ, ಎಂಬ ಹೆಸರಿನಿಂದ ಹೊರತಂದರು. ಇಂಗ್ಲಿಷರು ಅದನ್ನು ಜರ್ಮನ್ ಸಿಲ್ವರ್ ಎಂದರು. 1840ರಲ್ಲಿ ಎಲ್ಕಿಂಗ್ಟನ್ನರು ವಿದ್ಯುತ್ತಿನ ನೆರವಿನಿಂದ ಬೆಳ್ಳಿಯ ಲೇಪ ಕೊಡುವ ವಿಧಾನದ ಹಕ್ಕುಪತ್ರ ಪಡೆದಮೇಲೆ, ಒಳಗೆ ಜರ್ಮನ್ ಸಿಲ್ವರ್, ಮೇಲೆ ಬೆಳ್ಳಿಯ ತೆಳುಪದರ ಇರುವ ತಟ್ಟೆ, ಚಮಚಗಳು ವಸಾಹತುಗಳಿಗೆಲ್ಲ ಹರಡಿದವು. ಮುಂಬಯಿಯ ಚೋರ್ ಬಜಾರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಬೆನ್ನಮೇಲೆ ಇ.ಪಿ.ಎನ್.ಎಸ್. ಎಂಬ ನಾಲ್ಕಕ್ಷರದ ಮುದ್ರೆಯುಳ್ಳ ಅಂಥ ತಟ್ಟೆಗಳನ್ನು ಈಗಲೂ ಕಾಣಬಹುದು.

ಇಲ್ಲಿಗೆ ಕತೆ ಚೀನ ಮತ್ತು ಜರ್ಮನಿಗಳದ್ದಾಯಿತು. ಇದರಲ್ಲಿ ಭಾರತದ ಪಾಲೇನು? ಅದು ಇನ್ನೊಂದು ಪದದಲ್ಲಿ ಅಡಗಿದೆ. ಜರ್ಮನ್ ಸಿಲ್ವರ್ ಎಂಬ ಹೆಸರು ಹುಟ್ಟುವುದಕ್ಕೆ ಮೊದಲು ಯೂರೋಪಿನ ವರ್ತಕರು ಈ ಬಿಳಿಯ ತಾಮ್ರವನ್ನು ಇನ್ನೊಂದು ಹೆಸರಿನಿಂದಲೂ ಕರೆಯುತ್ತಿದ್ದರು: ಪೋರ್ಚುಗೀಸರ ಬಾಯಲ್ಲಿ 'ತುತೆನಾಗ', ಇಂಗ್ಲಿಷರ ಬಾಯಲ್ಲಿ 'ಟೂಟೆನ್ಯಾಗ್'. ಈ ಪದ ದಕ್ಷಿಣ ಭಾರತದ 'ತುತ್ತನಾಗ'ದಿಂದ ಹೋದದ್ದು. ತಮಿಳು, ಮಲಯಾಳಗಳಲ್ಲಿ ಸತುವಿಗೆ ಇಂದಿಗೂ ಇದೇ ಹೆಸರು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ರಚಿಸಿದ, 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಈ ಪದಕ್ಕೆ ಪ್ರತ್ಯೇಕ ಉಲ್ಲೇಖವಿದೆ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುನಾಡಿನ ಭೂತಾರಾಧನೆಯನ್ನೂ ಅಭ್ಯಸಿಸಿದ ಬರ್ನೆಲ್‌ನಿಗೆ ಇಂಥ ಪದಗಳ ಬೆನ್ನುಹತ್ತುವ ಚಪಲ ಸಹಜವೇ ಆಗಿತ್ತು. ಈ ಒಂದು ಪದ ಎರಡು ವಸ್ತುಗಳನ್ನು ಸೂಚಿಸುತ್ತಿತ್ತೆಂಬುದು ಅಲ್ಲಿ ಸ್ಪಷ್ಟವಾಗಿದೆ: ಒಂದು, ಚೀನದ ಬಿಳಿಯ ತಾಮ್ರ, ಇನ್ನೊಂದು, ಸತು.

ಪದದ ನಿಷ್ಪತ್ತಿಯ ಬಗೆಗೆ ಎರಡು ದಾರಿಗಳನ್ನು ತೋರಿಸಿದ್ದಾರೆ. ಸಂಸ್ಕೃತದ 'ತುತ್ಥ' ಎಂದರೆ ತಾಮ್ರದ ಉಪ್ಪು, 'ನಾಗ' ಎಂದರೆ ಸೀಸ. ಇವೆರಡೂ ಕೂಡಿ 'ತುತ್ಥನಾಗ', ಅದರಿಂದ 'ತುತ್ತನಾಗ' ಎಂಬುದು ಒಂದು ದಾರಿ. ಸತುವಿನ ಬೂದಿಗೆ ಸಲ್ಲುವ ಪಾರಸಿಯ 'ತೂತಿಯಾ' ಶಬ್ದದಿಂದ ಬಂತೆಂಬುದು ಇನ್ನೊಂದು. ಆದರೆ ತೂತಿಯಾ ಶಬ್ದವೇ ತುತ್ಥದಿಂದ ಹೊರಟಿರಬಹುದಾದ್ದರಿಂದ ಎರಡು ದಾರಿಗಳೂ ಕೊನೆಗೆ ಒಂದೇ ಊರಿಗೆ ಬಂದು ಸೇರುತ್ತವೆ. ತುತ್ಥ 'ತುತ್ತ' ಆಗುವುದು, ಕೇಶಿರಾಜನ ಅಪಭ್ರಂಶಪ್ರಕರಣವನ್ನು ಓದಿದ ಯಾವ ವಿದ್ಯಾರ್ಥಿಗೂ ಅಪರಿಚಿತವಾದ ಮಾರ್ಪಾಟಲ್ಲ. ಮಲೆನಾಡಿನ ಅಡಿಕೆ ಬೆಳೆಗಾರನಿಗಂತೂ 'ಮೈಲುತುತ್ತ' ಮಳೆಗಾಲದ ನಿತ್ಯದ ಮಾತು. ನವಿಲಿನ ಕೊರಳಿನ ನೀಲಿಯ ಆ ಹರಳನ್ನು ಸುಣ್ಣದೊಂದಿಗೆ ಕಲಸಿ ಕೊಳೆರೋಗಕ್ಕೆ ಔಷಧಿಯಾಗಿ ಗೊನೆಗೆ ಸಿಂಪಡಿಸುವ ಆತ, ತನ್ನ ಬಾಯಲ್ಲಿರುವ ಪದದ ಅರ್ಧಭಾಗ ಒಂದು ಕಾಲಕ್ಕೆ ಲಿಸ್ಬನ್ ಮತ್ತು ಲಂಡನ್ನುಗಳ ವರ್ತಕರ ಲೆಕ್ಕದ ಪುಸ್ತಕಗಳಲ್ಲಿ ಕುಳಿತಿತ್ತೆಂಬುದನ್ನು ಅರಿತಿರಲಾರ.

ತುತ್ತನಾಗವೆಂಬ ಹೆಸರಿನಿಂದ ವ್ಯಾಪಾರವಾಗುತ್ತಿದ್ದ ಸರಕು ಬಹುಮಟ್ಟಿಗೆ ಸತುವೇ ಎಂಬುದಕ್ಕೆ ಸಮುದ್ರದ ತಳದಿಂದ ಒಂದು ಸಾಕ್ಷ್ಯ ದೊರೆತಿದೆ. 1745ರಲ್ಲಿ ಚೀನದಿಂದ ಮರಳುತ್ತಿದ್ದ 'ಯೋತೆಬೊರಿ' ಎಂಬ ಸ್ವೀಡಿಷ್ ಹಡಗು ತನ್ನ ತವರು ರೇವಿನ ಬಾಯಲ್ಲೇ ಬಂಡೆಗೆ ತಾಗಿ ಮುಳುಗಿತು. ಅದರ ಸರಕಿನಲ್ಲಿ ನೂರು ಟನ್ನಿಗೂ ಮಿಕ್ಕ ತುತ್ತನಾಗದ ಗಟ್ಟಿಗಳಿದ್ದವು. ಮುಂದೆ ಮೇಲೆತ್ತಿ ಪರೀಕ್ಷಿಸಿದಾಗ ಅವು ಬಹುತೇಕ ಶುದ್ಧ ಸತುವೆಂದು ತಿಳಿದುಬಂತು. ಯೂರೋಪಿಗೆ ಸತುವನ್ನು ಬೇರ್ಪಡಿಸುವ ವಿದ್ಯೆ ತಡವಾಗಿ ಕೈವಶವಾಯಿತು. ಸತು ಸುಮಾರು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ, ಗಾಳಿ ತಾಗಿದೊಡನೆ ಬೂದಿಯಾಗುತ್ತದೆ. ಅದನ್ನು ಹಿಡಿಯಬೇಕಾದರೆ ಆವಿಯನ್ನು ಗಾಳಿ ಸೋಕದಂತೆ ತಂಪಾಗಿಸಬೇಕು. ರಾಜಸ್ಥಾನದ ಉದಯಪುರದ ಬಳಿಯ ಜಾವರದ ಕುಲುಮೆಗಳಲ್ಲಿ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಆಚರಣೆಯಲ್ಲಿತ್ತು. 1983ರ ಉತ್ಖನನದಲ್ಲಿ ಅಲ್ಲಿನ ಕುಲುಮೆಗಳು ಮೂಸೆಗಳ ಸಮೇತ ಬೆಳಕಿಗೆ ಬಂದವು. 'ರಸರತ್ನಸಮುಚ್ಚಯ' ಹೇಳುವ ವೃಂತಾಕಮೂಷೆ, ಎಂದರೆ ಬದನೆಕಾಯಿಯ ಆಕಾರದ ಮೂಸೆ, ಕವಿಕಲ್ಪನೆಯಲ್ಲವೆಂಬುದು ಆಗ ಸಿದ್ಧವಾಯಿತು. ಕರ್ನಾಟಕದ ಹೆಮ್ಮೆಯಾದ ಬಿದರಿಯ ಕೆಲಸಕ್ಕೂ ಸತುವೇ ಮೈ. ಸ್ವಲ್ಪ ತಾಮ್ರ ಬೆರೆತ ಸತುವಿನ ಎರಕಕ್ಕೆ ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರಿನ ಕೋಟೆಯ ಮಣ್ಣಿನಿಂದ ಮೈಯನ್ನು ಕಪ್ಪಾಗಿಸಿದಾಗ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬೆಳ್ಳಿಯ ಸೋಗು ಹಾಕಬಲ್ಲ ಲೋಹ ಇಲ್ಲಿ ಬೆಳ್ಳಿಗಾಗಿ ತಾನು ಕಪ್ಪಾಗುತ್ತದೆ.

ಹೀಗೆ ಸತು, ಬಿಳಿಯ ತಾಮ್ರ ಎಂಬ ಎರಡು ಬೇರೆ ವಸ್ತುಗಳಿಗೆ ತುತ್ತನಾಗವೆಂಬ ಒಂದೇ ಹೆಸರು ಸಂದದ್ದನ್ನು ನೋಡಿದರೆ, ಅಡಿಗೆಮನೆಯ ಜರ್ಮನ್ ಮತ್ತು ಸಿಲ್ವರ್‌ಗಳನ್ನು ತಪ್ಪೆಂದು ಜರೆಯುವ ಆತುರ ಕಡಿಮೆಯಾಗುತ್ತದೆ. ಕಂಪೆನಿಯ ಗುಮಾಸ್ತರೇ ಲೋಹಗಳನ್ನು ಅವುಗಳ ಮೈಬಣ್ಣದಿಂದ ಗುರುತಿಸಿದರು. ಹಳ್ಳಿಯ ಹೆಣ್ಣುಮಕ್ಕಳು ಅದಕ್ಕಿಂತ ಬೇರೆಯಾಗಿ ನಡೆದುಕೊಳ್ಳಬೇಕಾಗಿತ್ತೆಂದು ಯಾರು ಹೇಳಬಲ್ಲರು?

ಲೋಹಗಳಿಗೆ ಹೆಸರಿಡುವಾಗ ಮನುಷ್ಯರು ಮುಖ್ಯವಾಗಿ ಎರಡು ಮಾರ್ಗಗಳನ್ನು ಹಿಡಿದಿದ್ದಾರೆ. ಮೊದಲನೆಯದು ಊರಿನ ಮಾರ್ಗ. ಸೈಪ್ರಸ್ ದ್ವೀಪದಿಂದ ಬಂದದ್ದರಿಂದ ತಾಮ್ರಕ್ಕೆ ಲ್ಯಾಟಿನ್ನಿನಲ್ಲಿ 'ಕುಪ್ರುಂ' ಎಂದಾಯಿತು. ಸಂಸ್ಕೃತದಲ್ಲಿ ತವರಕ್ಕೂ ಬಂಗಾಳಕ್ಕೂ 'ವಂಗ' ಎಂಬುದೊಂದೇ ಹೆಸರು. ಪಾತ್ರೆಗಳಿಗೆ ಬಳಿಯುವ 'ಕಲಾಯಿ' ಅರಬ್ಬಿಯ ಮೂಲಕ ಬಂದ ಶಬ್ದ. ಅದನ್ನು ಮಲಯ ದ್ವೀಪಕಲ್ಪದ ಕಲಹ್ ಎಂಬ ರೇವಿನ ಹೆಸರಿನೊಂದಿಗೆ ಜೋಡಿಸುತ್ತಾರೆ. ಬೀದರಿನ ಬಿದರಿಯಂತೂ ಕಣ್ಣಮುಂದೆಯೇ ಇದೆ. ಎರಡನೆಯದು ಬಣ್ಣದ ಮಾರ್ಗ. ಈ ದೃಷ್ಟಿಯಿಂದ ಕನ್ನಡದ 'ಬೆಳ್ಳಿ'ಯನ್ನು ಪರಿಶೀಲಿಸಿದರೆ ಒಂದು ಮಹತ್ವದ ಸಂಗತಿ ಗೋಚರಿಸುತ್ತದೆ. ಅದರ ಮೂಲ 'ಬೆಳ್' ಎಂಬ ಧಾತು. ಬಿಳಿದು, ಬೆಳ್ಳನೆಯದು, ಹೊಳೆಯುವುದು ಎಂದು ಅದರ ಅರ್ಥ. ಬೆಳ್ಗೊಡೆ, ಬೆಳ್ದಿಂಗಳು, ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳಗೊಳ, ಬೆಳಕು, ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. ಮುಂಜಾವದ ಆಕಾಶದಲ್ಲಿ ಹೊಳೆಯುವ ಶುಕ್ರಗ್ರಹವೂ ಕನ್ನಡಿಗರಿಗೆ ಬೆಳ್ಳಿಯೇ. ಸಂಸ್ಕೃತದ 'ರಜತ', ಲ್ಯಾಟಿನ್ನಿನ 'ಅರ್ಗೆಂತುಂ' ಶಬ್ದಗಳ ಮೂಲದಲ್ಲಿರುವುದೂ ಬಿಳುಪಿನ, ಹೊಳಪಿನ ಅರ್ಥವೇ. ಎಂದಮೇಲೆ ಬೆಳ್ಳಿ ಎಂಬುದು ಮೊದಲಿಗೆ ಒಂದು ಮೂಲವಸ್ತುವಿನ ಅಂಕಿತನಾಮವಲ್ಲ. 'ಬೆಳ್ಳಗಿರುವುದು' ಎಂಬ ವರ್ಣನೆ. ಬೆಳ್ಳಗಿರುವ ಹೊಸ ಲೋಹವೊಂದು ಮನೆಗೆ ಬಂದಾಗ ಅದನ್ನು ಬೆಳ್ಳಿಯ ಹೆಸರಿನಿಂದ ಕರೆದವರು ಭಾಷೆಯ ಅತ್ಯಂತ ಹಳೆಯ ನಡೆಯನ್ನೇ ಅನುಸರಿಸಿದರು.

ಹೆಸರು ಉಳಿದು ವಸ್ತು ಬದಲಾಗುವುದಕ್ಕೆ ಇನ್ನೂ ದೊಡ್ಡ ನಿದರ್ಶನ ಎಲ್ಲರ ಜೇಬಿನಲ್ಲಿದೆ. 'ರೂಪಾಯಿ' ಎಂಬುದು 'ರೂಪ್ಯ'ದಿಂದ ಬಂದದ್ದು. ರೂಪ್ಯವೆಂದರೆ ಬೆಳ್ಳಿ, ಮುದ್ರೆಯೊತ್ತಿದ ಬೆಳ್ಳಿ. ಮುಂಬಯಿಯ ಕೋಟೆಯ ಟಂಕಸಾಲೆಯಲ್ಲಿ ಅಚ್ಚಾಗುತ್ತಿದ್ದ ರೂಪಾಯಿಯಲ್ಲಿ ಒಂದು ಕಾಲಕ್ಕೆ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ, 1940ರಲ್ಲಿ, ಅದು ಶೇಕಡಾ 50ಕ್ಕೆ ಇಳಿಯಿತು. ಉಳಿದ ಅರ್ಧದಲ್ಲಿ 40 ಪಾಲು ತಾಮ್ರ, 5 ಪಾಲು ನಿಕ್ಕಲ್, 5 ಪಾಲು ಸತು. ಅಂದರೆ ಜರ್ಮನಿಯ ವಿರುದ್ಧ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಭಾರತದ ರೂಪಾಯಿಯಲ್ಲಿ ಅರ್ಧ ಬೆಳ್ಳಿ, ಇನ್ನರ್ಧ ಜರ್ಮನ್ ಸಿಲ್ವರ್‌ನ ಘಟಕಗಳೇ ತುಂಬಿದ್ದವು. 1947ರ ರೂಪಾಯಿ ಪೂರ್ತಿ ನಿಕ್ಕಲ್ಲಿನದು. 1992ರಿಂದ ಅದು ತುಕ್ಕುಹಿಡಿಯದ ಉಕ್ಕಿನದು. ಬೆಳ್ಳಿ ಹೋಗಿ ಬಹುಕಾಲವಾಯಿತು. ರೂಪಾಯಿ ಮಾತ್ರ ರೂಪಾಯಿಯೇ. ಇದನ್ನು ಯಾರೂ ಅಜ್ಞಾನವೆನ್ನುವುದಿಲ್ಲ.

ಇನ್ನು ಅಲ್ಯೂಮಿನಿಯಂ ಈ ಹೆಸರಿನ ಮನೆಗೆ ಹೊಕ್ಕದ್ದು ಹೇಗೆಂಬುದನ್ನು ನೋಡಬೇಕು. 1827ರಲ್ಲಿ ಜರ್ಮನಿಯ ವೋಲರ್ ಈ ಲೋಹವನ್ನು ಪುಡಿಯ ರೂಪದಲ್ಲಿ ಬೇರ್ಪಡಿಸಿದನು. ಆದರೂ ಅರವತ್ತು ವರ್ಷಗಳ ಕಾಲ ಅದು ಬಡವರ ಕೈಗೆ ಎಟುಕಲಿಲ್ಲ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿ ವಿದ್ಯುದ್ವಿಭಜನೆಯ ವಿಧಾನವನ್ನು ಕಂಡುಹಿಡಿದಮೇಲೆ ಬೆಲೆ ಕುಸಿಯಿತು. ಭಾರತದಲ್ಲಿ 1898ರ ಸುಮಾರಿಗೆ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದನು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡೆಸಿದವನೂ ಇವನೇ. ತಾಮ್ರ, ಹಿತ್ತಾಳೆಗಳಿಗೆ ಬೇಕಾದ ಕಲಾಯಿಯ ಖರ್ಚಿಲ್ಲದ, ಹೊರಲು ಹಗುರವಾದ, ಬೇಗ ಕಾಯುವ ಈ ಪಾತ್ರೆ ಕ್ರಮೇಣ ಪೇಟೆಯಿಂದ ಸಂತೆಗೆ, ಸಂತೆಯಿಂದ ಹಳ್ಳಿಗೆ ನಡೆಯಿತು. ಆ ವೇಳೆಗೆ ಬಿಳಿಯ ಅಗ್ಗದ ಲೋಹಕ್ಕೆ ಜರ್ಮನ್ ಸಿಲ್ವರ್ ಎಂಬ ಹೆಸರು ಪೇಟೆಯಲ್ಲಿ ಸಿದ್ಧವಾಗಿಯೇ ಇತ್ತು. ಹೊಸ ಪಾತ್ರೆಗೆ ಹಳೆಯ ಹೆಸರು ಒದಗಿತು. ಆದರೆ ಹೆಸರು ಉದ್ದವಾಯಿತು. ಆಡುಮಾತು ಉದ್ದವಾದದ್ದನ್ನು ಸಹಿಸುವುದಿಲ್ಲ. ಮರಾಠಿ ತನ್ನ ರೂಢಿಯಲ್ಲಿ ಮೊದಲ ಭಾಗವನ್ನು ಇರಿಸಿಕೊಂಡು ಎರಡನೆಯದನ್ನು ಬಿಟ್ಟಿತು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇಂದಿಗೂ ಅಲ್ಯೂಮಿನಿಯಂ ಪಾತ್ರೆ 'ಜರ್ಮನ್', ಕೆಲವೆಡೆ 'ಜರ್ಮಲ್'. ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ, ಮುಂಬಯಿ-ಪುಣೆಗಳ ಪೇಟೆಯಿಂದ ಸಾಮಾನು ತರಿಸುತ್ತಿದ್ದ ಉತ್ತರ ಕರ್ನಾಟಕ ಅದೇ ಹೋಳನ್ನು ಪಡೆಯಿತು. ಮದರಾಸು, ಬೆಂಗಳೂರುಗಳ ಪೇಟೆಯನ್ನು ಅವಲಂಬಿಸಿದ್ದ ದಕ್ಷಿಣ ಕರ್ನಾಟಕ 'ಸಿಲ್ವರ್' ಎಂಬ ಇನ್ನೊಂದು ಹೋಳನ್ನು ಹಿಡಿಯಿತು. ತೆಲುಗು ನಾಡಿನಲ್ಲೂ ಅಲ್ಯೂಮಿನಿಯಂ ಪಾತ್ರೆಗೆ ಸಿಲ್ವರ್ ಎನ್ನುವುದುಂಟು. ತಮಿಳರಾದರೋ ಆ ಪದವನ್ನು ಮುಂದೆ ಬಂದ ತುಕ್ಕುಹಿಡಿಯದ ಉಕ್ಕಿಗೆ ದಾಟಿಸಿ 'ಎವರ್‌ಸಿಲ್ವರ್' ಎಂದರು. ಎರಡು ಹೋಳುಗಳ ಈ ಹಂಚಿಕೆ 1956ಕ್ಕೆ ಮುಂಚಿನ ಆಡಳಿತದ ಗಡಿಗಳನ್ನು ಸುಮಾರಾಗಿ ಹೋಲುವುದು ಆಕಸ್ಮಿಕವಾಗಿರಲಾರದು. ರಾಜ್ಯದ ನಕ್ಷೆ ಬದಲಾದರೂ ಪಾತ್ರೆಯ ಹೆಸರು ಹಳೆಯ ಗಡಿಯನ್ನು ನೆನಪಿಟ್ಟುಕೊಂಡಿದೆ.

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಜರ್ಮನ್ ಎಂಬ ಮಾತೇ ಅಪ್ರಿಯವಾಗಿ, 'ನಿಕ್ಕಲ್ ಸಿಲ್ವರ್' ಎಂಬ ಹೆಸರು ಮುಂದೆ ಬಂತು. ಮಂಗಳೂರು, ಧಾರವಾಡಗಳಲ್ಲಿ ದಶಕಗಳಿಂದ ಕನ್ನಡದ ಕೆಲಸ ಮಾಡಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಕೂಡ ಆ ಯುದ್ಧದಲ್ಲಿ ದೇಶ ಬಿಡಬೇಕಾಯಿತು. ಸರಕಾರಕ್ಕೆ ಬೇಡವಾದ ಹೆಸರನ್ನು ಅಡಿಗೆಮನೆ ಬಿಟ್ಟುಕೊಡಲಿಲ್ಲ. ಎರಡು ಮಹಾಯುದ್ಧಗಳು ಮುಗಿದರೂ, ಬೆಳಗಾವಿಯಲ್ಲಿಯೇ ಅಲ್ಯೂಮಿನಿಯಂ ಕಾರ್ಖಾನೆ ಎದ್ದು ನಿಂತರೂ, ಆ ಜಿಲ್ಲೆಯ ಹೆಣ್ಣುಮಗಳ ಪಾಲಿಗೆ ಪಾತ್ರೆ ಜರ್ಮನ್ನೇ. ಇಲ್ಲಿ ಒಂದು ಸ್ವಾರಸ್ಯವೂ ಇದೆ. ಕನ್ನಡದ ಮಹಾನಿಘಂಟನ್ನು 1894ರಲ್ಲಿ ಕೊಟ್ಟವನು ಜರ್ಮನ್ ವಿದ್ವಾಂಸನಾದ ಕಿಟ್ಟೆಲ್. ಆದರೆ 'ಜರ್ಮನ್' ಎಂಬುದು ಕನ್ನಡದ ಪಾತ್ರೆಯ ಹೆಸರಾದದ್ದು ಆ ನಿಘಂಟು ಅಚ್ಚಾದಮೇಲೆ.

ಈ ಪದಗಳ ವಿಚಾರ ಇಷ್ಟಕ್ಕೇ ನಿಂತರೆ ಅದು ವಿದ್ವತ್ತಿನ ವಿನೋದವಾದೀತು. ಆದರೆ ಪಾತ್ರೆಯ ಲೋಹವೆಂಬುದು ಕೇವಲ ಲೋಹವಲ್ಲ. ದೇವರ ಮುಂದೆ ಬೆಳ್ಳಿ, ಅತಿಥಿಗೆ ಕಂಚು, ನಿತ್ಯಕ್ಕೆ ಹಿತ್ತಾಳೆ, ಬಡವನಿಗೆ ಮಣ್ಣು ಎಂಬ ಶ್ರೇಣಿಯೊಂದು ಸಮಾಜದಲ್ಲಿ ನೆಲೆಸಿತ್ತು. ಸಿಲ್ವರ್ ಬಂದು ಮಣ್ಣಿಗೂ ಹಿತ್ತಾಳೆಗೂ ನಡುವೆ ಕುಳಿತಿತು. ಮಣ್ಣಿನ ಮಡಕೆಯನ್ನು ಬಿಟ್ಟು ಲೋಹದ ಪಾತ್ರೆಯಲ್ಲಿ ಅಡಿಗೆ ಮಾಡುವ ಸುಖವನ್ನು ಬಡವರು ಮೊದಲು ಕಂಡದ್ದು ಇದರಿಂದಲೇ. ಅದೇ ಕಾಲಕ್ಕೆ, ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆಯಾಗಿ, ಗೋಡೆಯ ಹೊರಮೈಯಲ್ಲಿ ಇಟ್ಟ ಲೋಟವೂ ಹಲವೆಡೆ ಸಿಲ್ವರ್‌ನದೇ ಆಗಿತ್ತು. ತಾನೇ ಕುಡಿದು ತಾನೇ ತೊಳೆದಿಡಬೇಕಾದ ಆ ಲೋಟಕ್ಕೆ ಬೆಳ್ಳಿಯ ಹೆಸರು! 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಪಡಿಸಿದಮೇಲೆಯೂ ಅಂಥ ಲೋಟಗಳು ಬಹುಕಾಲ ಮೊಳೆಯಿಂದ ಇಳಿಯಲಿಲ್ಲ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆಯ ಕಹಿಯನ್ನು ಆ ಲೋಟದಲ್ಲಿ ಚಹಾ ಕುಡಿದವರಷ್ಟು ಬಲ್ಲವರಿಲ್ಲ. ಆದ್ದರಿಂದ 'ಸಿಲ್ವರ್ ಲೋಟ' ಎಂಬ ಪದಕ್ಕೆ ನಿಘಂಟು ಬರೆಯುವವನು 'ಅಲ್ಯೂಮಿನಿಯಂನಿಂದ ಮಾಡಿದ ಪಾನಪಾತ್ರೆ' ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಅರ್ಥ ಪೂರ್ಣವಾಗುವುದಿಲ್ಲ. ಆ ಪದದೊಳಗೆ ಒಂದು ಅವಮಾನವೂ ಸೇರಿದೆ. ಅದನ್ನು ಬಿಟ್ಟ ಅರ್ಥ ಅರ್ಧ ಅರ್ಥವೇ ಸರಿ.

ಮುಂಬಯಿಗೆ ಬಂದವರಲ್ಲಿ ಅನೇಕರು ಆ ಲೋಟವನ್ನು ಹಿಂದೆ ಬಿಟ್ಟು ಬಂದವರು. ಗುರುತು ಕೇಳದ ಜನಜಂಗುಳಿಯ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಗಾಜಿನ ಲೋಟ ಸಿಕ್ಕಿದ್ದು ಅವರಿಗೆ ಸಣ್ಣ ಬಿಡುಗಡೆಯಲ್ಲ. ಇಲ್ಲಿಯ ಗಿರಣಿಗಳ ಕಾಲದಲ್ಲಿ ಕಾರ್ಮಿಕನ ಬುತ್ತಿಯ ಡಬ್ಬಿಯಾಗಿ ದುಡಿದದ್ದೂ ಇದೇ ಹಗುರ ಲೋಹ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮೌನವಾದವು. ಡಬ್ಬಿಗಳು ಅಟ್ಟ ಸೇರಿದವು. ನಡುವೆ 'ಹಿಂಡಾಲಿಯಂ' ಎಂಬ ಮಿಶ್ರಲೋಹ ಬಂದು ಕುಕ್ಕರು, ಕಡಾಯಿಗಳಿಗೆ ತನ್ನ ಹೆಸರು ಕೊಟ್ಟಿತು. ಆಮೇಲೆ ಸ್ಟೀಲು ಎಲ್ಲವನ್ನೂ ಹಿಂದಿಕ್ಕಿತು. ಇಂದು ಜರ್ಮನ್ ಎಂಬ ಪದ ಹೆಚ್ಚು ಜೀವಂತವಾಗಿರುವುದು ಠಾಣೆಯ, ನವೀ ಮುಂಬಯಿಯ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ತಗಡಿನ ಜೋಪಡಿಗಳಲ್ಲಿ ಒಲೆ ಹೂಡುವ ಕುಟುಂಬಗಳಲ್ಲಿ. ಕಲೀನಾದ ವಿದ್ಯಾನಗರಿಯಿಂದ ಆ ಜೋಪಡಿಗಳು ದೂರವಿಲ್ಲ. ಆದರೆ ಅವರ ಮಕ್ಕಳು ಶಾಲೆಗೆ ಹೋದ ದಿನ 'ಜರ್ಮನ್ ಅಲ್ಲ, ಅಲ್ಯೂಮಿನಿಯಂ' ಎಂದು ತಿದ್ದಿಸಿಕೊಂಡು ಬರುತ್ತಾರೆ. ತಿದ್ದುವುದು ತಪ್ಪಲ್ಲ, ರಸಾಯನಶಾಸ್ತ್ರದ ತರಗತಿಯಲ್ಲಿ ಅದು ಅವಶ್ಯ. ಆದರೆ ತಿದ್ದಿಸಿಕೊಂಡ ಮಗು ತನ್ನ ತಾಯಿಯ ಮಾತು ದಡ್ಡರ ಮಾತೆಂದು ನಾಚುವಂತಾದರೆ ನಷ್ಟವಾಗುವುದು ಭಾಷೆಗೆ.

ವಿಚಿತ್ರವೆಂದರೆ, ಮರೆಯಾಗುತ್ತಿದ್ದ ಸಮಸ್ತಪದ ಈಚಿನ ವರ್ಷಗಳಲ್ಲಿ ಪೂರ್ಣರೂಪದಲ್ಲಿ ಮರಳಿ ಬಂದಿದೆ. ವರಮಹಾಲಕ್ಷ್ಮಿಯ ಹಬ್ಬಕ್ಕೆ, ಗೃಹಪ್ರವೇಶದ ಉಡುಗೊರೆಗೆ 'ಜರ್ಮನ್ ಸಿಲ್ವರ್' ತಟ್ಟೆ, ಅರಿಸಿನ-ಕುಂಕುಮದ ಬಟ್ಟಲುಗಳು ಪೇಟೆಯನ್ನು ತುಂಬಿವೆ. ಒಂದೇ ಮನೆಯಲ್ಲಿ ಅಜ್ಜಿಯ ಜರ್ಮನ್ ಡಬರಿ ಅಟ್ಟದ ಮೇಲೆ, ಮೊಮ್ಮಗಳ ಜರ್ಮನ್ ಸಿಲ್ವರ್ ತಟ್ಟೆ ದೇವರ ಮುಂದೆ. ಒಂದು ಪದಕ್ಕೆ ಬಡತನದ ವಾಸನೆ, ಇನ್ನೊಂದಕ್ಕೆ ಅಂಗಡಿಯ ಹೊಳಪು. ಎರಡರ ಬುಡವೂ ಒಂದೇ ಎಂಬುದು ಅಜ್ಜಿಗೂ ತಿಳಿಯದು, ಮೊಮ್ಮಗಳಿಗೂ ತಿಳಿಯದು. ತಿಳಿಸಿಕೊಡಬೇಕಾದವರು ಪದಗಳ ಅಭ್ಯಾಸಿಗಳು.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಗ್ರಂಥಸ್ಥ ಸಾಹಿತ್ಯವನ್ನು ಮುಖ್ಯ ಆಧಾರವಾಗಿ ಹಿಡಿದ ಮಹತ್ಕಾರ್ಯ. ಆದರೆ ಪುಸ್ತಕದೊಳಗೆ ಬಾರದ ಪದಗಳಿಗೆ ಸಾಕ್ಷಿ ಹೇಳುವವರು ಜನ ಮಾತ್ರ. ಅವರು ಊರು ಬಿಟ್ಟರೆ, ಪಾತ್ರೆ ಗುಜರಿಗೆ ಹೋದರೆ, ಸಾಕ್ಷಿಯೂ ಹೋಗುತ್ತದೆ. ಈ ಕೆಲಸಕ್ಕೆ ಮುಂಬಯಿಯಂಥ ಕ್ಷೇತ್ರ ಇನ್ನೊಂದಿಲ್ಲ. ಕರ್ನಾಟಕದಲ್ಲಿ ನೂರಾರು ಮೈಲಿ ಅಲೆದು ಕೂಡಿಸಬೇಕಾದ ಪ್ರಾದೇಶಿಕ ರೂಪಗಳು ಇಲ್ಲಿ ಒಂದೇ ಲೋಕಲ್ ಗಾಡಿಯ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತವೆ. ಕರಾವಳಿಯವನ ಮಾತು, ಬಯಲುಸೀಮೆಯವಳ ಮಾತು, ಹಳೆಯ ಮೈಸೂರಿನವರ ಮಾತು ಇಲ್ಲಿ ಮರಾಠಿ, ಗುಜರಾತಿ, ಹಿಂದಿಗಳ ಜೊತೆಗೆ ಉಜ್ಜಾಡುತ್ತ ಹೊಳಪು ಪಡೆಯುತ್ತವೆ. ಭೂಲೇಶ್ವರದ ಪಾತ್ರೆ ಅಂಗಡಿಗಳ, ಗುಲಾಲವಾಡಿಯ ಲೋಹದ ಪೇಟೆಯ ಪದಗಳನ್ನು ಅಲ್ಲಿ ದುಡಿಯುವವರ ಬಾಯಿಂದ ಬರೆದುಕೊಂಡರೆ, ಮೋಲ್ಸ್‌ವರ್ತನ ಮರಾಠಿ ಕೋಶ, ಕಿಟ್ಟೆಲ್ಲನ ಕನ್ನಡ ಕೋಶಗಳನ್ನು ಬದಿಯಲ್ಲಿಟ್ಟು ಹೋಲಿಸಿದರೆ, ಒಂದೊಂದು ಪಾತ್ರೆಯ ಹೆಸರೂ ಒಂದೊಂದು ಅಧ್ಯಾಯವಾದೀತು.

ಅಂಥ ಕೋಶವೊಂದು ಮುಂದೆ ಸಿದ್ಧವಾದರೆ ಅದರಲ್ಲಿ 'ಜರ್ಮನ್' ಮತ್ತು 'ಸಿಲ್ವರ್' ಎಂಬ ಎರಡು ನಮೂದುಗಳಿರಬೇಕು. ಒಂದರಿಂದ ಇನ್ನೊಂದಕ್ಕೆ 'ನೋಡಿ' ಎಂಬ ಸೂಚನೆ ಇರಬೇಕು. ಎರಡರ ಕೆಳಗೂ ಯುನ್ನಾನಿನ ಬಿಳಿಯ ತಾಮ್ರ, ಜಾವರದ ಮೂಸೆ, ಪೋರ್ಚುಗೀಸರ ತುತೆನಾಗ, ಚಹಾದಂಗಡಿಯ ಹೊರಗೋಡೆಯ ಲೋಟ ಇವೆಲ್ಲಕ್ಕೂ ಒಂದೊಂದು ಸಾಲು ದೊರೆಯಬೇಕು. ಮತ್ತು ಆ ನಮೂದುಗಳಲ್ಲಿ 'ತಪ್ಪು ಪ್ರಯೋಗ' ಎಂಬ ಷರಾ ಇರಬಾರದು. ಲೋಹದ ಶುದ್ಧಿಯನ್ನು ಒರೆಗಲ್ಲು ಹೇಳುತ್ತದೆ. ಪದದ ಶುದ್ಧಿಗೆ ಅಂಥ ಕಲ್ಲಿಲ್ಲ. ಅದನ್ನು ಎಷ್ಟು ಜನ, ಎಷ್ಟು ಕಾಲ, ಯಾವ ಅಗತ್ಯಕ್ಕಾಗಿ ಆಡಿದರು ಎಂಬುದೇ ಅದರ ಬೆಲೆ.